ಮುಂದೇನು ಎಂಬ ಅರ್ಧ ಹಾಳೆ

ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸ ಪೀಡಿಸುವುದು. ನೇಮಕದ ಆದೇಶದಲ್ಲಿ ‘ಗುಮಾಸ್ತ, ಮುಂದೇನು ವಿಭಾಗ’ ಎಂದು ಮರ್ಯಾದೆಯಾಗಿಯೇ ಬರೆದಿದ್ದಾರೆ. ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ಕೇಳಿದರೆ ಮಾತ್ರ ನಿಜ ಹೊರಬೀಳುತ್ತದೆ. ಪರೀಕ್ಷೆ ಮುಗಿದ ಮರುದಿನದಿಂದ ಅವರು ಕ್ಯಾಂಟೀನಿನಲ್ಲಿ ಗಿರ್ಮಿಟ್ಟಿನ ತಟ್ಟೆಗೆ ಕೈ ಹಾಕಿದಾಗ, ಹಾಸ್ಟೆಲ್ಲಿನ ನಲ್ಲಿಯ ಹತ್ತಿರ ಬಟ್ಟೆ ಹಿಂಡುವಾಗ, ಬೇವಿನ ಮರದ ಕೆಳಗೆ ಇಬ್ಬಿಬ್ಬರೇ ಪಿಸುಗುಡುತ್ತ ಕೂತಾಗ, ತಲೆ ಎತ್ತಿದರೆ ಎದುರಿಗೆ ನಾನು ನಿಂತಿರುತ್ತೇನೆ. ಕೈಯಲ್ಲಿ ನೀಲಿ ಬಣ್ಣದ ಅರ್ಧ ಹಾಳೆ. ಅದರಲ್ಲಿ ಮೂರೇ ಸಾಲು. ಹೆಸರು, ಕಲಿತದ್ದು, ಮುಂದೇನು. ಮೊದಲಿನ ಎರಡನ್ನು ಎಲ್ಲರೂ ನಿಂತ ಕಾಲಲ್ಲೇ ತುಂಬುತ್ತಾರೆ. ಮೂರನೆಯದಕ್ಕೆ ಬಂದೊಡನೆ ಪೆನ್ನು ಬಾಯಿಗೆ ಹೋಗುತ್ತದೆ. ನನ್ನ ಹೆಸರು ಚನ್ನವೀರ, ಆದರೆ ಇಡೀ ಕ್ಯಾಂಪಸ್ಸು ನನ್ನನ್ನು ಕರೆಯುವುದು ಮುಂದೇನಪ್ಪ ಎಂದು.

ಬರೆದುಕೊಟ್ಟ ಹಾಳೆಗೆ ನಾನು ದುಂಡು ಮುದ್ರೆ ಒತ್ತಿ, ಸಂಜೆ ಐದಕ್ಕೆ ಹಿಂಬಾಗಿಲ ಪಕ್ಕದ ಗೋಡೆಯಲ್ಲಿರುವ ಕಬ್ಬಿಣದ ಪೆಟ್ಟಿಗೆಗೆ ಹಾಕುತ್ತೇನೆ. ಬೆಳಗಾಗುವಷ್ಟರಲ್ಲಿ ಬಾಗಿಲಾಚೆಯ ಜಾಲಿಕಂಟಿಯ ನಡುವೆ ಆ ಹುಡುಗನಿಗೋ ಹುಡುಗಿಗೋ ಒಂದು ಕಾಲುದಾರಿ ಬಿದ್ದಿರುತ್ತದೆ. ನೂರು ವರ್ಷ ಜನ ತುಳಿದರೆ ಆಗುವಷ್ಟು ನುಣುಪಾದ ದಾರಿ. ಹತ್ತೊಂಬತ್ತು ವರ್ಷ ನೋಡಿದ್ದೇನೆ. ಇವತ್ತಿಗೂ ಬೆಳಿಗ್ಗೆ ಆ ಬಾಗಿಲು ತೆರೆಯುವ ಮುಂಚೆ ಚಪ್ಪಲಿ ಬಿಡುತ್ತೇನೆ. ದೋಣಿ ಕಟ್ಟುವುದನ್ನು ಕಲಿಯುತ್ತೇನೆ ಎಂದು ಬರೆದವನ ದಾರಿ ಹಸಿಯಾಗಿತ್ತು, ಬಗ್ಗಿ ಮೂಸಿದರೆ ಉಪ್ಪಿನ ವಾಸನೆ. ನಕ್ಷತ್ರ ಓದುತ್ತೇನೆ ಎಂದವಳ ದಾರಿ ಹಿಂದಿನ ದಿನ ಅಲ್ಲಿ ಇರದಿದ್ದ ಗುಡ್ಡವೊಂದನ್ನು ಹತ್ತಿತ್ತು. ಆಡು ಸಾಕುತ್ತೇನೆ ಎಂದವನ ದಾರಿಯಲ್ಲಿ ಆಗಲೇ ಹಿಕ್ಕೆ ಬಿದ್ದಿದ್ದವು. ಕಾಯಿಲೆಯ ತಾಯಿಯ ಹತ್ತಿರ ಇರುತ್ತೇನೆ ಎಂದು ಬರೆದ ಒಬ್ಬಳ ದಾರಿ ಎಷ್ಟು ಚಿಕ್ಕದಾಗಿತ್ತೆಂದರೆ, ಮೂರು ದಿನದ ಪ್ರಯಾಣದಷ್ಟು ದೂರದ ಅವಳ ಮನೆಯ ಹೊಸ್ತಿಲು ನಮಗೆ ಬಾಗಿಲಿಂದಲೇ ಕಂಡಿತು. ಆ ಹೊತ್ತು ನಾನು ಅತ್ತಿದ್ದೆ, ಹೇಳಲು ನಾಚಿಕೆಯಿಲ್ಲ.

ದಾರಿಯ ಒಡೆಯ ಅದರ ಮೇಲೆ ನಡೆದುಹೋದಂತೆಲ್ಲ ಹಿಂದಿನಿಂದ ಹುಲ್ಲು ಎದ್ದು ನಿಲ್ಲುತ್ತದೆ, ಕಂಟಿ ಕೂಡಿಕೊಳ್ಳುತ್ತದೆ. ಆ ಕಡೆಯ ಮನೆಗಳಿಗೆಲ್ಲ ಮುಂದೊಂದು ಹಿಂದೊಂದು ಬಾಗಿಲು, ಎದುರುಬದುರು. ಯಾರ ದಾರಿ ಯಾರ ಪಡಸಾಲೆಯಲ್ಲಿ ಹಾದುಹೋಗುತ್ತದೋ ಹೇಳಲು ಬರುವುದಿಲ್ಲ. ದಾರಿ ಬಿದ್ದ ಮನೆಯವರು ಎರಡೂ ಬಾಗಿಲು ತೆರೆದಿಟ್ಟು, ನಡುವಿನ ಕಟ್ಟಿಗೆ ಮಂಚ ಸರಿಸಿ, ಹೋಗುವವರಿಗೆ ಒಂದು ಲೋಟ ಮಜ್ಜಿಗೆ ಹಿಡಿದು ನಿಲ್ಲುತ್ತಾರೆ. ಒಮ್ಮೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಹುಡುಗನೊಬ್ಬ ಟ್ರಂಕು ಹೊತ್ತು ಮಂಟಪದ ನಡುವೆ ಬಂದ. ವಾಲಗದವರು ಊದುವುದನ್ನು ನಿಲ್ಲಿಸದೆ ಕಾಲು ಮಡಚಿಕೊಂಡರು, ಅವನು ಅಕ್ಷತೆ ಹಾಕಿಸಿಕೊಂಡು ಹೋದ. ಹೆಣ್ಣು ಕೊಡುವವರು ತರುವವರು ‘ನಿಮ್ಮ ಮನ್ಯಾಗ ಎಷ್ಟು ದಾರಿ ಬಿದ್ದಾವು?’ ಎಂದು ಈಗಲೂ ವಿಚಾರಿಸುತ್ತಾರೆ.

ಪದವಿ ಸಿಕ್ಕ ಮೇಲೆ ಬಂದ ದಾರಿ ಮರಳಿ ಸಿಗುವುದಿಲ್ಲ. ಮುಂಬಾಗಿಲಿಂದ ಬಸ್ಸು ಹತ್ತಿದರೆ ಆ ಬಸ್ಸು ಸುತ್ತಿ ನಮ್ಮ ನಿಲ್ದಾಣಕ್ಕೇ ಬಂದು ನಿಲ್ಲುತ್ತದೆ, ಕಂಡಕ್ಟರ್ ‘ಬರದುಕೊಟ್ಟಿಲ್ಲೇನವಾ? ಇಳೀ’ ಅನ್ನುತ್ತಾನೆ. ಘಟಿಕೋತ್ಸವವಾಗಿ ಒಂಬತ್ತನೆಯ ದಿನ ಮಧ್ಯಾಹ್ನದ ಗಂಟೆ ಹೊಡೆಯುತ್ತಲೇ ಹಿಂಬಾಗಿಲನ್ನು ನಾನೇ ಹಾಕುತ್ತೇನೆ. ಅಲ್ಲಿಗೆ ಆ ವರ್ಷದವರ ಲೆಕ್ಕ ಮುಗಿಯಿತು. ಬರೆದುಕೊಡದವರು ಊರಲ್ಲೇ ಉಳಿಯುತ್ತಾರೆ. ಅವರದೇ ಒಂದು ಓಣಿಯಿದೆ. ಉಳಿದವರ ಓಣಿ ಅನ್ನುತ್ತೇವೆ. ಭೌತಶಾಸ್ತ್ರದಲ್ಲಿ ಬಂಗಾರದ ಪದಕ ಪಡೆದವನು ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ, ಹಿಟ್ಟು ಬಲು ನುಣ್ಣಗೆ ಬರುತ್ತದೆ. ಗಿರಣಿಯ ಪಕ್ಕ ಫಕೀರಪ್ಪನ ಸೈಕಲ್ ಅಂಗಡಿ. ಕಾಲುದಾರಿ ಗಾಲಿಗಳನ್ನು ಒಪ್ಪುವುದಿಲ್ಲ, ಅದಕ್ಕೆ ಹೊರಡುವವರೆಲ್ಲ ತಮ್ಮ ಸೈಕಲ್ಲುಗಳನ್ನು ಅವನಿಗೆ ಬಿಟ್ಟುಹೋಗುತ್ತಾರೆ. ನಾನು ಕೆಲಸಕ್ಕೆ ಸೇರಿದ ವರ್ಷ ಅವನು ಓದು ಮುಗಿಸಿದ್ದ. ದಿನಾ ಸಂಜೆ ನಾನು ಅಲ್ಲಿ ಹೋಗಿ ಕೂರುತ್ತೇನೆ, ಇಬ್ಬರೂ ಚಹಾ ಕುಡಿಯುತ್ತೇವೆ. ಊರಲ್ಲಿ ನನಗೆ ಅವನಿಗಿಂತ ಹತ್ತಿರದವರಿಲ್ಲ.

ಈ ವರ್ಷ ನಮ್ಮ ಕುಲಸಚಿವ ಬಾಯಿಯವರು ಒಂದು ಹಟ ಹಿಡಿದರು. ನೂರಕ್ಕೆ ನೂರು ಹಾಳೆ ಬರಬೇಕು, ಒಬ್ಬರೂ ಉಳಿಯಬಾರದು. ನನಗೂ ಹುರುಪು ಬಂತು. ಎಲ್ಲರೂ ಬರೆದುಕೊಟ್ಟ ವಿಭಾಗಕ್ಕೆ ಹೋಳಿಗೆ ಊಟ ಎಂದು ಸಾರಿದೆ. ಕೈಗಂಟೆ ಬಾರಿಸುತ್ತ ಹಾಸ್ಟೆಲ್ಲಿನ ಮೂರೂ ಮಹಡಿ ಹತ್ತಿಳಿದೆ. ಘಟಿಕೋತ್ಸವವಾಗಿ ಐದನೆಯ ದಿನಕ್ಕೆ ನಾನೂರ ಹನ್ನೆರಡರಲ್ಲಿ ನಾನೂರ ಹನ್ನೊಂದು ಹಾಳೆ ನನ್ನ ಕೈ ಸೇರಿದ್ದವು. ಉಳಿದವಳು ಗಣಿತದ ಸುಗಲಾ ಹೂಗಾರ ಒಬ್ಬಳೇ.

ಸುಗಲಾ ಸೋಮಾರಿಯಲ್ಲ, ಅಹಂಕಾರಿಯೂ ಅಲ್ಲ. ನಿಜ ಹೇಳಬೇಕೆಂದರೆ ಅವಳೇ ಎಲ್ಲರಿಗಿಂತ ಮೊದಲು ಬರೆದುಕೊಟ್ಟವಳು. ಅಪ್ಪ ಫೋನಿನಲ್ಲಿ ಹೇಳಿದಂತೆ ‘ಬ್ಯಾಂಕಿನ ಕೆಲಸ’ ಎಂದು ದುಂಡಗೆ ಬರೆದಿದ್ದಳು. ಎರಡನೆಯ ದಿನ ದಾರಿ ಬಿತ್ತು. ಚೀಲ ಹೆಗಲಿಗೇರಿಸಿ ಗೆಳತಿಯರಿಗೆಲ್ಲ ಕೈ ಬೀಸಿ ಹೋದವಳು ಸಂಜೆ ನಾಲ್ಕಕ್ಕೆ ಕೆರೆಯ ಕಡೆಯಿಂದ ಅದೇ ಬಾಗಿಲಿಗೆ ಬಂದು ನಿಂತಳು, ಮೊಣಕಾಲ ತನಕ ಧೂಳು.

“ಕೆರಿ ತನಾ ಚಲೋ ಇತ್ರಿ ಸರ,” ಅಂದಳು. “ಅಲ್ಲಿಂದ ಎಡಕ್ಕ ಹೊಳ್ಳಿತು. ಹೊಳ್ಳಿದ್ದು ಹೊಳ್ಳಿದ್ದ. ನಾ ಬಂದ್ನ್ಯೋ, ದಾರಿನ ನನ್ನ ತಂದು ಬಿಡ್ತೋ ತಿಳೀಲಿಲ್ಲ.”

ಇಂಥದಕ್ಕೆ ನಾವು ಗಾಣದ ದಾರಿ ಅನ್ನುತ್ತೇವೆ. ಬೇರೆಯವರ ಮಾತನ್ನು ತಮ್ಮ ಮಾತು ಎಂದು ಬರೆದವರಿಗೆಲ್ಲ ಅದೇ ಗತಿ. ನಾನು ಅವಳಿಗೆ ಹೊಸ ಹಾಳೆ ಕೊಟ್ಟೆ. ಆರನೆಯ ದಿನ ಅದನ್ನು ತಂದು ಕಿಟಕಿಯಲ್ಲಿಟ್ಟಳು. ಮೂರನೆಯ ಸಾಲಿನಲ್ಲಿ ಅದೇ ದುಂಡಗಿನ ಅಕ್ಷರದಲ್ಲಿ ‘ಗೊತ್ತಿಲ್ಲ’ ಎಂದಿತ್ತು.

ನಮ್ಮ ವಿಭಾಗದಲ್ಲಿ ಇದಕ್ಕೊಂದು ಪದ್ಧತಿಯಿದೆ. ದುಂಡು ಮುದ್ರೆಯ ಪಕ್ಕದಲ್ಲೇ ಒಂದು ಚೌಕ ಮುದ್ರೆ. ‘ಅಪೂರ್ಣ’. ಗೊತ್ತಿಲ್ಲ ಎಂದು ಬರೆದ ಹಾಳೆಗೆ ಅದನ್ನು ಒತ್ತಿ ಮರಳಿಸುವುದು. ನನಗೆ ಕೆಲಸ ಕಲಿಸಿದ ವಾಮನರಾಯರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಎಲ್ಲಿಗೆ ಎಂದು ಇಲ್ಲದ ದಾರಿ ಮನುಷ್ಯನನ್ನು ನುಂಗಿಬಿಡುತ್ತದೆ, ಅಂಥ ಹಾಳೆಯನ್ನು ಪೆಟ್ಟಿಗೆಗೆ ಹಾಕಿದರೆ ಆ ಪಾಪ ನಮ್ಮ ತಲೆಗೆ ಎಂದಿದ್ದರು. ಸುಗಲಾಳ ಹಾಳೆಗೆ ಟಪ್ ಎಂದು ಒತ್ತಿ ಹಿಂದಕ್ಕೆ ತಳ್ಳಿದೆ.

“ತಂಗೀ, ಏನರ ಒಂದು ಬರಿಯವ್ವಾ. ಕುಂಬಾರಿಕಿ ಕಲೀತೀನಿ ಅನ್ನು, ಜೇನು ಸಾಕತೀನಿ ಅನ್ನು.”

“ಮತ್ತ ಕೆರಿ ಸುತ್ತಿ ಬರ್ಲ್ಯಾ ಸರ?” ಅಂದಳು.

ಏಳನೆಯ ದಿನ ಮತ್ತೆ ಬಂದಳು, ಮತ್ತೆ ಅದೇ ಬರೆದಿದ್ದಳು. ನಾನು ಗದರಿದೆ. ಎಲ್ಲರ ಮುಂದೆಯೇ, ಜಾಣತನ ಹೆಚ್ಚಾದರೆ ಹಿಂಗೇ ಆಗೂದು ಎಂದೆ. ಅವಳು ಎದುರಾಡಲಿಲ್ಲ. “ಬಾಲವಾಡಿಯಿಂದ ಇಲ್ಲೀತನಾ ಮುಂದಿನ ಇಯತ್ತೆ ಯಾವುದು ಅಂತ ಯಾರರ ಹೇಳತಿದ್ರು ಸರ. ಒಂದು ದಿನಾನೂ ನನಗ ಹುಡುಕೂ ಪಾಳಿ ಬರಲಿಲ್ಲ. ಈಗ ಖರೇನ ಗೊತ್ತಿಲ್ಲ. ಸುಳ್ಳು ಹೆಂಗ ಬರೀಲಿ?” ಎಂದು ಮೆಲ್ಲಗೆ ಹೇಳಿ ಚೌಕ ಮುದ್ರೆಯ ಹಾಳೆಯನ್ನು ಮಡಚಿಕೊಂಡು ಹೋದಳು. ಹೋಗುವಾಗ ಅವಳು ಉಳಿದವರ ಓಣಿಯ ಕಡೆ ತಿರುಗಿದ್ದನ್ನು ನೋಡಿದೆ. ಬಾಡಿಗೆಗೆ ಕೋಣೆ ಕೇಳಲು ಹೊರಟಿದ್ದಳಂತೆ. ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ ಅವಳಿಗೆ.

ಆ ಸಂಜೆ ಫಕೀರಪ್ಪನ ಅಂಗಡಿಯಲ್ಲಿ ಕೂತು ಈ ಕಥೆಯನ್ನೆಲ್ಲ ಹೇಳಿದೆ. ಅವನು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಮಾತು ಮುಗಿದ ಮೇಲೂ ಟ್ಯೂಬನ್ನು ಹಾಗೇ ಹಿಡಿದಿದ್ದ.

“ನಾನೂ ಅದನ್ನ ಬರದಿದ್ದೆ,” ಅಂದ.

“ಏನು?”

“ಗೊತ್ತಿಲ್ಲ ಅಂತ. ನನ್ನ ವರ್ಷ.”

ನಾನು ಇಷ್ಟು ವರ್ಷ ಅವನು ಬರೆಯಲೇ ಇಲ್ಲ ಎಂದು ತಿಳಿದಿದ್ದೆ. ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಓಣಿಯವರನ್ನು ಅದನ್ನು ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ. “ಯಾರು ಅದಕ್ಕ ಚೌಕ ಮುದ್ರಿ ಹಾಕಿದ್ರು? ವಾಮನರಾಯರೇನು?” ಎಂದೆ.

ಫಕೀರಪ್ಪ ತಲೆ ಎತ್ತಿ ನನ್ನನ್ನು ನೋಡಿದ. “ನೀನ, ಚನ್ನವೀರಣ್ಣ. ಹೊಸದಾಗಿ ಬಂದಿದ್ದಿ. ಮುದ್ರಿ ಉಲ್ಟಾ ಬಿತ್ತು, ಮತ್ತೊಮ್ಮಿ ಹೊಡದಿ.”

ಚಹಾ ಕೈಯಲ್ಲೇ ಆರಿತು. ಆ ವರ್ಷ ಮೂವತ್ತೊಂದು ಹಾಳೆಗಳಿಗೆ ಅಪೂರ್ಣ ಎಂದು ಒತ್ತಿದ್ದೆ. ಎಣಿಕೆ ನೆನಪಿದೆ, ಹುರುಪಿನಿಂದ ಮನೆಯಲ್ಲಿ ಹೇಳಿಕೊಂಡಿದ್ದೆ. ಒಂದು ಮುಖವೂ ನೆನಪಿಲ್ಲ. ಅವರಲ್ಲಿ ಒಬ್ಬನ ಎದುರಿಗೆ ಸಾವಿರಾರು ಸಂಜೆ ಕೂತು ಚಹಾ ಕುಡಿದಿದ್ದೇನೆ. ಬೈಯುತ್ತಾನೇನೋ ಎಂದು ಕಾದೆ. ಅವನು ಟ್ಯೂಬು ಒರೆಸಿ ತೂತಿಗೆ ಕಡ್ಡಿ ಚುಚ್ಚಿ ಗುರುತು ಮಾಡಿದ. “ನಿಂದೇನು ತಪ್ಪದ ಬಿಡು, ಹೇಳಿಕೊಟ್ಟಂಗ ಮಾಡಿದಿ,” ಅಂದ. ಬೈದಿದ್ದರೆ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ.

ಎಂಟನೆಯ ದಿನ ಮಧ್ಯಾಹ್ನ ಸುಗಲಾ ಮೂರನೆಯ ಸಲ ಬಂದಳು. ಹಾಳೆ ನೋಡದೆಯೇ ನನಗೆ ಅದರಲ್ಲಿರುವುದು ತಿಳಿದಿತ್ತು. ಕೈ ರೂಢಿಯಂತೆ ಚೌಕ ಮುದ್ರೆಗೆ ಹೋಯಿತು, ಆದರೆ ಎತ್ತಲಿಲ್ಲ.

“ಸರ, ಒಂದು ಕೇಳ್ಲ್ಯಾ?” ಅಂದಳು. “ಇಂಥಾ ಹಾಳಿ ಪೆಟಿಗ್ಯಾಗ ಹಾಕಿದ್ರ ಏನಾಗತದ ಅಂತ ನೀವು ನೋಡೀರೇನು?”

“ದಾರಿ ನುಂಗತದ.”

“ಯಾರನ್ನ ನುಂಗ್ಯದ?”

“ವಾಮನರಾಯರು ಹೇಳ್ತಿದ್ರು.”

“ಅವ್ರು ನೋಡಿದ್ರೇನು?”

ವಾಮನರಾಯರಿಗೆ ಅವರ ಹಿಂದಿನವರು ಹೇಳಿದ್ದರು. ಅವರಿಗೆ ಇನ್ನೊಬ್ಬರು ಹೇಳಿರಬೇಕು. ನಾನು ಎದ್ದು ಹೋಗಿ ಕಪಾಟಿನಲ್ಲಿದ್ದ ದಪ್ಪ ದಾಖಲೆಗಳನ್ನೆಲ್ಲ ಇಳಿಸಿದೆ. ಹುಡುಗಿ ಕಿಟಕಿಯಾಚೆ ಒಂದೂವರೆ ತಾಸು ನಿಂತಿದ್ದಳು. ಹೋದವರೆಲ್ಲರ ಹೆಸರಿತ್ತು, ಅವರ ದಾರಿ ಹೇಗಿತ್ತೆಂದು ಎರಡೆರಡು ಸಾಲು ಬರೆದಿತ್ತು. ಗೊತ್ತಿಲ್ಲ ಎಂದ ಒಂದು ಹಾಳೆಯೂ ಆ ಪೆಟ್ಟಿಗೆಗೆ ಬಿದ್ದದ್ದು ಎಲ್ಲೂ ಕಾಣಲಿಲ್ಲ. ನುಂಗಿದ್ದಕ್ಕೆ ಸಾಕ್ಷಿಯಿಲ್ಲ, ನುಂಗುವುದಿಲ್ಲ ಎನ್ನುವುದಕ್ಕೂ ಇಲ್ಲ. ಒಬ್ಬರಾದರೂ ಪರೀಕ್ಷಿಸಿರಲಿಲ್ಲ. ಎಲ್ಲರೂ ಓದಿದವರು, ಅದೂ ವಿಶ್ವವಿದ್ಯಾಲಯದವರು!

ಕುಲಸಚಿವ ಬಾಯಿಯವರನ್ನು ಕೇಳೋಣವೆಂದು ಹೋದೆ. ಅವರು ಕನ್ನಡಕ ತೆಗೆದು, “ಪದ್ಧತಿ ಏನದನೋ ಹಂಗ ಮಾಡ್ರಿ,” ಅಂದರು. ಆಮೇಲೆ ನಾನು ಬಾಗಿಲ ತನಕ ಬಂದಾಗ ಹಿಂದಿನಿಂದ, “ನೂರಕ್ಕ ನೂರು ಅಂದಿದ್ದೆ ನೆನಪಿರಲಿ,” ಅಂದರು. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಕಿಟಕಿಗೆ ಮರಳಿ ಬಂದು ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. “ಏನಾಗತದ ನನಗ ತಿಳೀದವ್ವಾ. ನೀ ಹೋಗಿ ಎಲ್ಲಿಗೂ ಮುಟ್ಟಲಿಲ್ಲ ಅಂದ್ರ ನಾ ಏನು ಮಾಡಲಿ? ಇಲ್ಲೇ ಇದ್ರ ಕೂಳು ನೀರರ ಸಿಗತದ.”

ಹೆದರಿಕೆ ಅವಳಿಗೂ ಇತ್ತು, ಕಿಟಕಿಯ ಕಟ್ಟೆ ಹಿಡಿದ ಬೆರಳುಗಳಲ್ಲಿ ಕಾಣುತ್ತಿತ್ತು. “ಒತ್ರಿ ಸರ,” ಅಂದಳು.

ಒತ್ತಿದೆ. ದುಂಡು ಮುದ್ರೆಯನ್ನೇ ಒತ್ತಿದೆ. ಐದಕ್ಕೆ ಹೋಗಿ ಪೆಟ್ಟಿಗೆಯ ಬಾಯಿಗೆ ಹಾಳೆ ಹಿಡಿದೆ. ಹಾಕಿದ ಮೇಲೆ ತೆಗೆಯಲು ಬರುವುದಿಲ್ಲ. ಕುಲದೇವರನ್ನು ನೆನೆದು ಬಿಟ್ಟೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಹೋಗುವ ಮುಂಚೆಯೇ ಹಿಂಬಾಗಿಲ ಹತ್ತಿರ ಜನ ಸೇರಿದ್ದರು. ಸುದ್ದಿ ಹೇಗೆ ಹಬ್ಬಿತೋ. ಚಪ್ಪಲಿ ಬಿಟ್ಟೆ, ಅಗಳಿ ಸರಿಸಿದೆ, ಬಾಗಿಲು ಎಳೆದೆ.

ದಾರಿ ಇರಲಿಲ್ಲ.

ಆಮೇಲೆ ನೋಡಿದೆ. ಜಾಲಿಕಂಟಿಯೂ ಇರಲಿಲ್ಲ. ಕಲ್ಲು, ಮುಳ್ಳು, ಬೇಲಿ, ಹಳ್ಳ ಏನೂ ಇರಲಿಲ್ಲ. ಬಾಗಿಲ ಹೊಸ್ತಿಲಿಂದ ಆಕಾಶ ಮುಟ್ಟುವ ತನಕ ನೆಲವೆಲ್ಲ ಸಾರಿಸಿದ ಕಣದ ಹಾಗೆ ನುಣ್ಣಗೆ ಬಿದ್ದಿತ್ತು. ಮನೆಗಳು ಇದ್ದಲ್ಲೇ ಇದ್ದವು, ಎದುರುಬದುರು ಬಾಗಿಲುಗಳೆಲ್ಲ ತೆರೆದಿದ್ದವು, ಒಂದೊಂದು ಬಾಗಿಲೊಳಗಿಂದಲೂ ಆಚೆಯ ಬಯಲು ಕಾಣುತ್ತಿತ್ತು. ಎಡಕ್ಕೆ, ಬಹಳ ದೂರ, ನೀರಿನ ಹೊಳಪು. ಅದು ಕಡಲೇ ಇರಬೇಕು, ನಾನು ಕಡಲು ಕಂಡವನಲ್ಲ. ಬಲಕ್ಕೆ ಒಂದರ ಹಿಂದೆ ಒಂದು ಗುಡ್ಡ. ನೇರಕ್ಕೆ ಯಾವುದೋ ಊರಿನ ಹೊಗೆ. ಇಷ್ಟು ವರ್ಷ ಒಬ್ಬೊಬ್ಬರಿಗೆ ಒಂದೊಂದು ಎಳೆಯಾಗಿ ಕಂಡ ಜಗತ್ತು ಅವತ್ತು ಇಡಿಯಾಗಿ ಬಂದು ನಮ್ಮ ಹಿಂಬಾಗಿಲಲ್ಲಿ ನಿಂತಿತ್ತು. ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಹಿಂದೆ ಯಾರೋ ಮುದುಕಿ “ಯಪ್ಪಾ ಶಿವನ” ಎಂದು ಕೈ ಮುಗಿದಳು.

ಸುಗಲಾ ಚೀಲ ಹೊತ್ತು ಬಂದಳು. ಜನ ಬದಿಗೆ ಸರಿದರು. ನನ್ನ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದಳು.

“ಎಲ್ಲಾ ನಂದೇನ್ರಿ ಸರ?”

“ನಿನ್ನ ಹಾಳಿಗೆ ಬಿದ್ದದ್ದವ್ವಾ.”

“ಯಾ ಕಡೆ ಹೋಗ್ಲಿ?”

ಹೇಳುವ ಚಟ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಅವಳು ಹೊಸ್ತಿಲು ದಾಟಿ ಹತ್ತು ಹೆಜ್ಜೆ ಗುಡ್ಡಗಳ ಕಡೆ ಹೋದಳು, ನಿಂತಳು. ಬಗ್ಗಿ ನೆಲ ಮುಟ್ಟಿ ನೋಡಿದಳು. ತಿರುಗಿ ಹೊಳಪಿನ ಕಡೆ ನಡೆದಳು, ಮತ್ತೆ ನಿಂತು ಒಮ್ಮೆ ಗಟ್ಟಿಯಾಗಿ ನಕ್ಕಳು. ಹೊಸ ಅಂಗಳ ಸಿಕ್ಕ ಮಗು ನಗುವ ಹಾಗಿತ್ತು. ಆಮೇಲೆ ಎರಡೂ ಅಲ್ಲದ ಒಂದು ದಿಕ್ಕು ಹಿಡಿದು, ಚೀಲ ಸರಿಮಾಡಿಕೊಂಡು ಹೊರಟಳು. ಬಿಳಿ ಓಢಣಿ ಚುಕ್ಕೆಯಾಗುವ ತನಕ ಕಾಣುತ್ತಿತ್ತು. ನುಂಗುವುದಿರಲಿ, ಆ ಬಯಲು ಅವಳನ್ನು ನಮ್ಮ ಕಣ್ಣಿಂದ ಮರೆ ಮಾಡುವುದಕ್ಕೇ ಒಂದು ತಾಸು ತೆಗೆದುಕೊಂಡಿತು.

ಮತ್ತೆ ಒಂದು ಸಂಗತಿ ಎಲ್ಲರೂ ಗಮನಿಸಿದರು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳ ಹಿಂದೆ ಹುಲ್ಲು ಏಳಲಿಲ್ಲ, ಕಂಟಿ ಕೂಡಿಕೊಳ್ಳಲಿಲ್ಲ. ಬಯಲು ಬಯಲಾಗಿಯೇ ಉಳಿಯಿತು.

ಬಿಸಿಲೇರಿದ ಹಾಗೆ ಊರಿನವರು ಚದುರಿದರು. ಚದುರದೆ ನಿಂತವರು ಯಾರೆಂದು ತಿರುಗಿ ನೋಡಿದೆ. ಉಳಿದವರ ಓಣಿಯವರು. ಗಿರಣಿಯವನ ರೆಪ್ಪೆಯ ಮೇಲೆ ಇನ್ನೂ ಹಿಟ್ಟಿತ್ತು. ಫಕೀರಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ, ಕೈಯಲ್ಲಿ ಗ್ರೀಸಿನ ಚಿಂದಿ. ಅವನು ಬಯಲನ್ನು ನೋಡುತ್ತಲೇ ನನ್ನನ್ನು ಕೇಳಿದ.

“ಆವತ್ತು ನಂದೂ ಹಾಕಿದ್ರ, ಹಿಂಗ ಆಗತಿತ್ತೇನು?”

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಕಾಲ ಬೇರೆ, ಹಾಳೆ ಬೇರೆ ಎನ್ನಬಹುದಿತ್ತು. ಜಾರಿಕೊಳ್ಳಲಿಲ್ಲ.

“ಆಗತಿತ್ತು, ಫಕೀರಪ್ಪ,” ಎಂದೆ. “ಹತ್ತೊಂಬತ್ತು ವರ್ಷದ ಹಿಂದ ಹಿಂಗ ಆಗತಿತ್ತು.”

ಅವನು ಚಿಂದಿಯಿಂದ ಒಂದೊಂದೇ ಬೆರಳು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ ಸೈಕಲ್ಲಿನ ಪಂಕ್ಚರ್ ಅರ್ಧಕ್ಕ ಬಿಟ್ಟೀನಿ. ಮುಗಿಸಿ ಬರತೀನಿ. ಹಾಳಿ ತಗದಿಡು,” ಅಂದು ಓಣಿಯ ಕಡೆ ನಡೆದ. ಯಾವಾಗಲೂ ನಿಧಾನವಾಗಿ ನಡೆಯುವವನು ಆ ದಿನ ಬೀಸುಗಾಲು ಹಾಕಿದ್ದ.

ಸ್ವಲ್ಪ ಹೊತ್ತಿಗೆ ಮಧ್ಯಾಹ್ನದ ಗಂಟೆ ಹೊಡೆಯಿತು. ಹನ್ನೆರಡೂ ಹೊಡೆತ ಎಣಿಸಿದೆ. ಅಗಳಿಗೆ ಕೈ ಹಾಕದೆ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಗಿರಣಿಯವನ ಕೈಗೆ ಮೊದಲ ನೀಲಿ ಹಾಳೆ ಕೊಟ್ಟೆ.